‘ತೆಲಿ’ಯೋ ‘ತಲೆ’ಯೋ: ಚೆನ್ನಣ್ಣ ವಾಲೀಕಾರ ಮತ್ತು ನಮ್ಮ ವಿಮರ್ಶೆಯ ನಕಾಶೆ

ಮಾನ್ವಿಯಲ್ಲಿ ಓದುವಾಗ ನಾನು ಪ್ರಬಂಧವೊಂದರಲ್ಲಿ ‘ತೆಲಿ’ ಅಂತ ಬರೆದಿದ್ದೆ. ಮೇಷ್ಟ್ರು ಕೆಂಪು ಮಸಿಯಲ್ಲಿ ಹೊಡೆದುಹಾಕಿ ‘ತಲೆ’ ಎಂದು ತಿದ್ದಿದರು. “ಮನ್ಯಾಗ ಮಾತಾಡಿದಂಗ ಬರೀಬ್ಯಾಡಪಾ, ಕನ್ನಡ ಬರಿ” ಅಂದರು. ಮುಂದೆ ರಾಯಚೂರಿಗೆ ಕಾಲೇಜಿಗೆ ಬಂದಾಗ ದೇವದುರ್ಗದ ಗೆಳೆಯನೊಬ್ಬ ಒಂದು ಪುಸ್ತಕ ಕೈಗಿಟ್ಟ. ಅದರ ರಟ್ಟಿನ ಮೇಲೆಯೇ ಅಚ್ಚಾಗಿತ್ತು: ‘ಕರಿತೆಲಿ ಮಾನವನ ಜೀಪದ’. ಕವಿ, ಚೆನ್ನಣ್ಣ ವಾಲೀಕಾರ. ನನ್ನ ತಪ್ಪು ಅಲ್ಲಿ ಪುಸ್ತಕದ ಹೆಸರಾಗಿ ನಿಂತಿತ್ತು.

ವಾಲೀಕಾರರು ಹುಟ್ಟಿದ್ದು 1940ರ ದಶಕದಲ್ಲಿ, ಚಿತ್ತಾಪುರ ಸೀಮೆಯ ಶಂಕರವಾಡಿಯಲ್ಲಿ. ಆಗಿನ್ನೂ ನಿಜಾಮನ ಆಳ್ವಿಕೆ. ಕಚೇರಿ, ಕೋರ್ಟು, ಶಾಲೆಯ ಭಾಷೆ ಉರ್ದು. ಕನ್ನಡವೆಂಬುದು ಮನೆಯಲ್ಲಿ, ಹೊಲದಲ್ಲಿ, ಭಜನೆಯಲ್ಲಿ ಉಳಿದ ಮಾತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಉರ್ದು ಹೋಯಿತು, ಸರಿ. ಆದರೆ ಅದರ ಜಾಗಕ್ಕೆ ಬಂದ ಪಠ್ಯಪುಸ್ತಕದ ಕನ್ನಡವೂ ನಮ್ಮದಾಗಿರಲಿಲ್ಲ. ವಾಲೀಕಾರರ ಕಾವ್ಯ ಹುಟ್ಟಿದ್ದು ಈ ಎರಡು ಯಜಮಾನ ಭಾಷೆಗಳ ನಡುವಿನ ಸಂದಿಯಲ್ಲಿ ಎಂಬುದನ್ನು ಮರೆಯಬಾರದು. ಅವರ ಅಡ್ಡಹೆಸರಲ್ಲೇ ಚರಿತ್ರೆಯಿದೆ. ವಾಲೀಕಾರನೆಂದರೆ ಊರಿನ ಓಲೆಕಾರ, ಚಾವಡಿಯ ಸುದ್ದಿ ಹೊತ್ತು ತಿರುಗುವವನು. ಅವನು ಹೊತ್ತ ಓಲೆಯಲ್ಲಿ ಅವನ ಮಾತು ಒಂದೂ ಇರುತ್ತಿರಲಿಲ್ಲ. ಅದೇ ಹೆಸರಿನವರೊಬ್ಬರು ಗುಲಬರ್ಗಾ ವಿಶ್ವವಿದ್ಯಾಲಯದ ಕನ್ನಡ ಪ್ರಾಧ್ಯಾಪಕರಾದರು. ಕವಿತೆ, ಕಾದಂಬರಿ, ನಾಟಕಗಳನ್ನು ರಾಶಿ ರಾಶಿಯಾಗಿ ಬರೆದರು. 2019ರ ನವೆಂಬರಿನಲ್ಲಿ ತೀರಿಕೊಂಡರು.

ದಲಿತ ಸಾಹಿತ್ಯದ ಚರಿತ್ರೆಯನ್ನು ನಾವು ಹ್ಯಾಗೆ ಹೇಳುತ್ತ ಬಂದಿದ್ದೇವೆ? 1973ರಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರ ಬೂಸಾ ಮಾತು, ಆಮೇಲೆ ಭದ್ರಾವತಿಯ ಬಿ. ಕೃಷ್ಣಪ್ಪನವರ ಸಂಘಟನೆ, 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’. ಇದು ಸುಳ್ಳಲ್ಲ. ಆ ಹಾಡುಗಳು ದೇವದುರ್ಗದ ಕೇರಿಗೂ ಬಂದವು, ನಾವೂ ಹಾಡಿದೆವು. ಆದರೆ ‘ಹೊಲೆಮಾದಿಗರ ಹಾಡು’ ಬರುವ ಮುಂಚೆಯೇ ‘ಕರಿತೆಲಿ ಮಾನವನ ಜೀಪದ’ ಬಂದಿತ್ತು. ಯಾರು ಮೊದಲು ಎಂಬ ಜಗಳ ನನಗೆ ಬೇಡ. ಎಲ್ಲವೂ ಬೆಂಗಳೂರು-ಮೈಸೂರಿನಿಂದ ಹೊರಟು ನಮ್ಮ ಕಡೆ ಬಂತು ಎನ್ನುವ ನಕಾಶೆಯನ್ನೇ ನಾನು ಪ್ರಶ್ನಿಸುತ್ತಿದ್ದೇನೆ.

ಇನ್ನೊಂದು ನಕಾಶೆ ಇದೆ, ರೈಲಿನದು. ಮುಂಬಯಿಯಿಂದ ಮದರಾಸಿಗೆ ಹೋಗುವ ಗಾಡಿ ಸೊಲ್ಲಾಪುರ, ಕಲಬುರಗಿ, ವಾಡಿ, ರಾಯಚೂರು ಹಾದು ಹೋಗುತ್ತದೆ, ಬೆಂಗಳೂರನ್ನು ಕೇಳುವುದಿಲ್ಲ. ಗುಳೆ ಹೋದ ನಮ್ಮ ಜನ ಹತ್ತಿದ್ದು ಇದೇ ಗಾಡಿ. ಅಮೆರಿಕದ ಓಕ್‌ಲ್ಯಾಂಡಿನಲ್ಲಿ 1966ರಲ್ಲಿ ಕರಿಯರು ಬ್ಲ್ಯಾಕ್ ಪ್ಯಾಂಥರ್ ಪಕ್ಷ ಕಟ್ಟಿದರು. ಅದರ ಹೆಸರನ್ನೇ ತೆಗೆದುಕೊಂಡು 1972ರಲ್ಲಿ ಮುಂಬಯಿಯಲ್ಲಿ ನಾಮದೇವ ಢಸಾಳ, ಜೆ.ವಿ. ಪವಾರ್ ಮತ್ತವರ ಗೆಳೆಯರು ದಲಿತ ಪ್ಯಾಂಥರ್ಸ್ ಕಟ್ಟಿದರು. ವಾಲೀಕಾರರದೊಂದು ಸಂಕಲನದ ಹೆಸರು ‘ಪ್ಯಾಂಥರ್ ಪದ್ಯಗಳು’. ಓಕ್‌ಲ್ಯಾಂಡಿನ ಹೆಸರು ಕಲಬುರಗಿಗೆ ಮುಟ್ಟಲು ಕನ್ನಡದ ಮುಖ್ಯಧಾರೆಯ ಅಪ್ಪಣೆ ಬೇಕಾಗಿರಲಿಲ್ಲ.

ಇನ್ನು ಅವರ ಕಾವ್ಯದ ಮಾತು. ‘ಕರಿತೆಲಿ ಮನುಷ್ಯ’ ನಮ್ಮ ಹೆಣ್ಣುಮಕ್ಕಳ ಬಾಯಲ್ಲಿರುವ ನುಡಿ, ಹುಟ್ಟಿದ ಎಲ್ಲ ಮನುಷ್ಯರಿಗೂ ಸಲ್ಲುವಂಥದು. ಅದನ್ನು ‘ಕರಿತಲೆ’ ಎಂದು ತಿದ್ದಿದರೆ ಅರ್ಥ ಉಳಿಯುತ್ತದೆ, ಆಡಿದವಳು ಉಳಿಯುವುದಿಲ್ಲ. ಹಾಗೆಯೇ ‘ಪದ’. ನಮ್ಮಲ್ಲಿ ಕವನ ಬರೆಯುವವರು ಕಡಿಮೆ, ಪದ ಹಾಡುವವರು ಊರಿಗೆ ಹತ್ತು ಜನ. ಇವರೂ ಗ್ರಾಮದೇವತೆಗಳ ಮೇಲೆ ಸಂಶೋಧನೆ ಮಾಡಿದರು, ಸಿದ್ಧಲಿಂಗಯ್ಯನವರೂ ಮಾಡಿದರು. ದೇವರನ್ನು ಧಿಕ್ಕರಿಸಿದ ಇಬ್ಬರೂ ಊರ ಹೊರಗಿನ ದೇವತೆಗಳ ಹತ್ತಿರ ಯಾಕೆ ಹೋದರು? ಅಲ್ಲಿ ಪುರೋಹಿತನಿಲ್ಲದ ಮಾತು ಇತ್ತು ಎಂದೇ ನನಗನಿಸುತ್ತದೆ.

ಹಾಗಂತ ಎಲ್ಲವನ್ನೂ ಹೊಗಳಬೇಕಿಲ್ಲ. ಅವರ ಬೀದಿ ಹಾಡುಗಳಲ್ಲಿ ಕೆಲವು ಘೋಷಣೆಯಾಗಿಯೇ ಉಳಿದಿವೆ. ಪದದ ಕವಿ ‘ವ್ಯೋಮಾವ್ಯೋಮ’ವೆಂಬ ಮಹಾಕಾವ್ಯಕ್ಕೆ ಕೈ ಹಾಕಿದ್ದು ಮೇಲಿನವರ ಪ್ರಕಾರದ ಮೋಹವೋ, ಆ ಪ್ರಕಾರವನ್ನೇ ಕಿತ್ತುಕೊಳ್ಳುವ ಹಟವೋ? ಈ ಚರ್ಚೆ ಆಗಬೇಕು. ಆದರೆ ಚರ್ಚಿಸಲು ಮೊದಲು ಓದಬೇಕಲ್ಲ? ದೇವನೂರರ ‘ಕುಸುಮಬಾಲೆ’ 1984ರಲ್ಲಿ ಬಂದಾಗ ನಂಜನಗೂಡು ಸೀಮೆಯ ನುಡಿಯನ್ನು ವಿಮರ್ಶಕರು ಕಷ್ಟಪಟ್ಟು ಕಲಿತು ಓದಿದರು. ಅದು ನ್ಯಾಯವೇ. ಅಷ್ಟೇ ಕಷ್ಟವನ್ನು ಕಲಬುರಗಿಯ ನುಡಿಗೂ ಪಡಿ ಎಂದು ಕೇಳಿದರೆ ತಪ್ಪೇನು?

ಈಗ ನಮ್ಮ ಸೀಮೆಗೆ ಕಲ್ಯಾಣ ಕರ್ನಾಟಕವೆಂದು ಹೆಸರು ಬದಲಾಗಿದೆ, ರಾಯಚೂರಿಗೂ ವಿಶ್ವವಿದ್ಯಾಲಯ ಬಂದಿದೆ. ವಾಲೀಕಾರರ ಹೆಸರಿನಲ್ಲಿ ವರ್ಷಕ್ಕೊಂದು ಹಾರ ಹಾಕುವುದು ಸುಲಭ. ಅದಕ್ಕಿಂತ, ದೇವದುರ್ಗ, ಮಾನ್ವಿಯ ಕೇರಿಗಳಿಂದ ಬಂದ ವಿದ್ಯಾರ್ಥಿಗಳು ಅವರ ಒಂದೊಂದು ಪುಸ್ತಕ ಹಿಡಿದು, ಅದರ ಮಾತುಗಳ ಅರ್ಥವನ್ನು ತಮ್ಮ ಅವ್ವಂದಿರನ್ನು ಕೇಳಿ ಬರೆದುಕೊಂಡು ಬರಲಿ. ನಮ್ಮ ವಿಮರ್ಶೆ ಅಲ್ಲಿಂದ ಸುರುವಾಗಲಿ. ನಾನಂತೂ ಈಗ ಮೇಷ್ಟ್ರು. ಹುಡುಗರು ‘ತೆಲಿ’ ಅಂತ ಬರೆದರೆ ಕೆಂಪು ಮಸಿ ತೆಗೆಯುವುದಿಲ್ಲ.