ವಚನಗಾಯನದ ಕಲಿಕೆ: ರೂಢಿಯ ಮಾತು ಮತ್ತು ನಿಜ



ಹಾಡು ಕಲಿಯಬಯಸುವವರನ್ನು ಹೊಸ್ತಿಲಲ್ಲಿಯೇ ತಡೆಯುವ ಕೆಲವು ಮಾತುಗಳು ನಮ್ಮಲ್ಲಿ ರೂಢಿಯಾಗಿವೆ. ಅವನ್ನು ಇತಿಹಾಸದ ಒರೆಗಲ್ಲಿಗೆ ಹಚ್ಚಿ ನೋಡುವುದು ಉಚಿತ.

ವಚನಗಳನ್ನು ಶರಣರು ಹಾಡಿದ ರಾಗದಲ್ಲಿಯೇ ಹಾಡಬೇಕು, ತಪ್ಪಿದರೆ ಅಪಚಾರವೆಂಬುದು ಮೊದಲನೆಯದು. 12ನೆಯ ಶತಮಾನದ ಆ ಧಾಟಿಗಳು ನಮ್ಮವರೆಗೆ ಉಳಿದು ಬಂದಿಲ್ಲ. ಹಾಡಲೆಂದೇ ಪಲ್ಲವಿಯೊಡನೆ ಕಟ್ಟಿದ ಸ್ವರವಚನಗಳು ಬೇರೆಯೇ ಪ್ರಕಾರ. ಇಂದು ನಾವು ಕೇಳುವ ವಚನಗಳ ರಾಗಸಂಯೋಜನೆಗಳಲ್ಲಿ ಹೆಚ್ಚಿನವು 20ನೆಯ ಶತಮಾನದಿಂದೀಚಿನವು. ಆದುದರಿಂದ ರಾಗ ಬದಲಾದರೆ ದೋಷವಿಲ್ಲ. ಮಾತು ತುಂಡಾಗಿ ಅರ್ಥ ಕೆಟ್ಟರೆ ದೋಷವುಂಟು.

ಸಂಗೀತವು ಅನುಕೂಲವಿದ್ದವರ ಸೊತ್ತೆಂಬುದು ಎರಡನೆಯದು. ಹುಟ್ಟುಕುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ಲ ಕುಮಾರ ಶಿವಯೋಗಿಗಳ ಆಶ್ರಯದಲ್ಲಿ ಬೆಳೆದು, ಕರ್ನಾಟಕ ಮತ್ತು ಹಿಂದುಸ್ತಾನಿ ಪದ್ಧತಿಗಳೆರಡನ್ನೂ ಸಾಧಿಸಿದರು. ಅವರ ಬಳಿಕ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಮುನ್ನಡೆಸಿದ ಪುಟ್ಟರಾಜ ಗವಾಯಿಗಳೂ (1914–2010) ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡವರು. ಅಲ್ಲಿ ಅಂಧ ಹಾಗೂ ಬಡ ಮಕ್ಕಳು ಅನ್ನ, ಆಸರೆಗಳೊಡನೆ ವಿದ್ಯೆಯನ್ನೂ ಪಡೆದರು. ಕಿವಿಯಿಂದ ಕೇಳಿ, ಕಂಠದಲ್ಲಿ ನಿಲ್ಲಿಸಿಕೊಳ್ಳುವುದೇ ಅವರ ಪಾಠಕ್ರಮದ ಆಧಾರ.

ಎಳೆಯ ವಯಸ್ಸು ದಾಟಿದ ಮೇಲೆ ಹೊಸದು ಹತ್ತದೆಂಬುದು ಮೂರನೆಯದು. ಮಲ್ಲಿಕಾರ್ಜುನ ಮನಸೂರರು (1910–1992) ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತು ಹೆಸರು ಪಡೆದಿದ್ದರು. ಆಮೇಲೂ ಶಿಷ್ಯರಾಗಿ ಮಂಜೀಖಾನರ ಮುಂದೆ ಕುಳಿತರು. 1937ರಲ್ಲಿ ಅವರು ತೀರಿಕೊಳ್ಳಲು, ತಮ್ಮ ಬುರ್ಜೀಖಾನರಲ್ಲಿ ಜೈಪುರ–ಅತ್ರೌಲಿ ಘರಾಣೆಯ ಕಲಿಕೆಯನ್ನು ಮುಂದುವರಿಸಿದರು. ಅವರ ವಚನಗಾಯನದ ಗಾಂಭೀರ್ಯದ ಹಿಂದೆ ಈ ವಿನಯವಿದೆ.

ಹೆಣ್ಣಿನ ಕಂಠ ತೆಳುವಾಗಿ, ಇಂಪಾಗಿಯೇ ಇರಬೇಕೆಂಬುದು ನಾಲ್ಕನೆಯದು. ಗಂಗೂಬಾಯಿ ಹಾನಗಲ್ಲರ (1913–2009) ಸ್ವರ ಗಂಟಲಿನ ತೊಂದರೆಯ ಬಳಿಕ ದಪ್ಪವಾಯಿತು. ಆ ಸ್ವರದಲ್ಲಿಯೇ ಅವರು ದೇಶದ ಮನ್ನಣೆ ಪಡೆದರು.

ಹಾಗೆಂದು ಭಕ್ತಿಯೊಂದೇ ಸಾಕು, ಅಭ್ಯಾಸ ಬೇಡವೆಂಬುದೂ ಭ್ರಮೆಯೇ. ಮೇಲಿನವರೆಲ್ಲರೂ ಗುರುವಿನ ಮುಂದೆ ವರ್ಷಗಟ್ಟಲೆ ದುಡಿದವರು. ಶ್ರುತಿ ಹಿಡಿದು ದಿನವೂ ಸ್ವಲ್ಪ ಹಾಡುವುದು, ದಣಿದ ಕಂಠಕ್ಕೆ ಬಿಡುವು ಕೊಡುವುದು, ಒಡೆಯುವ ಹರೆಯದ ದನಿಯನ್ನು ಬಲವಂತಪಡಿಸದಿರುವುದು: ಇವು ಎಲ್ಲರಿಗೂ ಸಾಧ್ಯ.

"ನಿನಗೆ ಕಂಠವಿಲ್ಲ" ಎಂಬ ಹಿರಿಯರ ಒಂದು ಮಾತಿಗೆ ಮಗುವಿನ ಬಾಯಿ ಬದುಕಿಡೀ ಮುಚ್ಚಬಹುದು. ಸಾಮೂಹಿಕ ಪ್ರಾರ್ಥನೆಯಲ್ಲಿ ತುಟಿ ಬಿಗಿದು ನಿಲ್ಲುವ ತಾಯಂದಿರೂ ಇಂಥದೇ ಮಾತು ಕೇಳಿದವರಾಗಿರಬಹುದು. ಅವರನ್ನು ಪಕ್ಕಕ್ಕೆ ಕರೆದು ದನಿಗೂಡಿಸೋಣ.