ನೆರೆದ ಮಂದಿಗೆ ಊಟ, ವಸತಿ, ಮರೆ

ಹಾವೇರಿಯಲ್ಲಿ ಹೊಸಮನಿ ಸಿದ್ದಪ್ಪನವರ ಹೆಸರಿನ ಜಿಲ್ಲಾ ಕ್ರೀಡಾಂಗಣವಿದೆ. ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಹಿರಿಯರೊಬ್ಬರ ನೆನಪಿಗೆ ಇಟ್ಟ ಹೆಸರು ಅದು. ಅಲ್ಲಿ ಆಟೋಟಗಳ ಪಂದ್ಯಗಳು ನಡೆಯುತ್ತವೆ. ರಾಷ್ಟ್ರೀಯ ಹಬ್ಬಗಳಂದು ಊರ ಮಂದಿಯೆಲ್ಲ ಕೂಡುತ್ತಾರೆ. ಹಾನಗಲ್ಲಿನಿಂದಲೋ ಹಿರೇಕೆರೂರಿನಿಂದಲೋ ಮಕ್ಕಳ ಓಟ ನೋಡಲು ಬಂದ ತಂದೆತಾಯಿಗಳಿಗೆ ಅಂದು ಮೂರು ಪ್ರಶ್ನೆಗಳು ಎದುರಾಗುತ್ತವೆ. ಊಟ ಎಲ್ಲಿ? ಹೊತ್ತು ಮುಳುಗಿದರೆ ತಂಗುವುದು ಎಲ್ಲಿ? ಇವೆರಡನ್ನು ಯಾರನ್ನು ಬೇಕಾದರೂ ಗಟ್ಟಿಯಾಗಿ ಕೇಳಬಹುದು. ಮೂರನೆಯದನ್ನು ಮಾತ್ರ ದನಿ ತಗ್ಗಿಸಿ ಕೇಳುತ್ತಾರೆ. ಹೆಂಗಸರಾದರೆ ಎಷ್ಟೋ ಸಲ ಕೇಳದೆಯೇ ಸುಮ್ಮನಿದ್ದುಬಿಡುತ್ತಾರೆ.

ಮೊದಲ ಎರಡು ಪ್ರಶ್ನೆಗಳಿಗೆ ನಮ್ಮ ಸೀಮೆಯಲ್ಲಿ ಸಾವಿರ ವರ್ಷಗಳ ಉತ್ತರವಿದೆ. ಮೂರನೆಯದಕ್ಕೆ ಉತ್ತರ ಹುಡುಕಲು ನಾವು ತೊಡಗಿದ್ದು ತೀರ ಇತ್ತೀಚೆಗೆ. ಈ ಅಂತರ ಹೇಗೆ ಬಂದಿತು, ಅದರಿಂದ ಯಾರಿಗೆ ನಷ್ಟವಾಯಿತು ಎಂಬುದನ್ನು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಕಡೆಯಿಂದ ನೋಡೋಣ.

ಚಾಲುಕ್ಯರ ಕಾಲದ ದಾನಶಾಸನಗಳನ್ನು ಓದಿದವರಿಗೆ ‘ಸತ್ರ’, ‘ಅರವಟ್ಟಿಗೆ’ ಎಂಬ ಮಾತುಗಳು ಹೊಸವಲ್ಲ. ದೇವರ ನಂದಾದೀಪಕ್ಕೆ ಭೂಮಿ ಬಿಟ್ಟಂತೆಯೇ ತಪೋಧನರ ಆಹಾರದಾನಕ್ಕೂ ದಾರಿಹೋಕರ ನೀರಿಗೂ ಅರಸರು, ಗಾವುಂಡರು, ಸೆಟ್ಟಿಗಳು ಭೂಮಿಯನ್ನು ಬಿಟ್ಟರು. ದಾನ ಕೊಟ್ಟವನ ಹೆಸರು ಕಲ್ಲಿನ ಮೇಲೆ ನಿಂತಿತು. ಹನ್ನೆರಡನೆಯ ಶತಮಾನದ ಶರಣರು ಉಣಬಡಿಸುವುದಕ್ಕೆ ದಾಸೋಹವೆಂಬ ಹೆಸರು ಕೊಟ್ಟು, ಅದನ್ನು ಕಾಯಕದ ಜೊತೆಗೇ ನಿಲ್ಲಿಸಿದರು. ಹಾವೇರಿಯ ಹುಕ್ಕೇರಿಮಠದಂತಹ ಮಠಗಳ ಜಾತ್ರೆಗೆ ಹೋದವರು ಇಂದಿಗೂ ಹಸಿದು ಮರಳುವುದಿಲ್ಲ. ಅನ್ನ ಇಕ್ಕಿದವನಿಗೆ ಪುಣ್ಯವುಂಟು, ನೆರಳು ಕೊಟ್ಟವನಿಗೆ ಪುಣ್ಯವುಂಟು ಎಂಬ ನಂಬಿಕೆಯೇ ನಮ್ಮ ಊರುಗಳಲ್ಲಿ ಪರಸ್ಥಳದವನನ್ನು ಕಾಪಾಡಿಕೊಂಡು ಬಂದಿತು.

ಆದರೆ ಮರೆ ಕಟ್ಟಿಸಿಕೊಟ್ಟವನನ್ನು ಹೀಗೆ ಹೊಗಳುವ ರೂಢಿ ಬೆಳೆಯಲಿಲ್ಲ. ಆಗ ಅದರ ಅಗತ್ಯವೇ ಬೀಳಲಿಲ್ಲವೆಂದು ಹೇಳಬಹುದು. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಜಾತ್ರೆಯನ್ನು ನೆನೆಯಿರಿ. ನವರಾತ್ರಿಯ ಕೊನೆಗೆ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕವನ್ನು ಕೇಳಲು ಸುತ್ತಿನ ಹಳ್ಳಿಗಳಿಂದ ಮಂದಿ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದರು. ಚಕ್ಕಡಿಯ ಅಡಿಯೇ ಮನೆ, ಮೂರು ಕಲ್ಲು ಹೂಡಿದರೆ ಒಲೆ, ಗಂಟಿನಲ್ಲಿ ರೊಟ್ಟಿ–ಚಟ್ನಿಯ ಬುತ್ತಿ. ಗುಡ್ಡದ ಸುತ್ತ ಬಯಲಿತ್ತು, ಪೊದೆಗಳಿದ್ದವು. ಚರಿಗೆ ಹಿಡಿದು ನಾಲ್ಕು ಮಾರು ಆಚೆ ಹೋದರೆ ಕೆಲಸ ಮುಗಿಯಿತು. ಬಯಲು ದೊಡ್ಡದಾಗಿ ಮಂದಿ ಕಡಿಮೆಯಾಗಿದ್ದಷ್ಟು ದಿನ ನೆಲವೇ ಈ ಭಾರವನ್ನು ಹೊತ್ತಿತು. ಆಗಲೂ ಹೆಂಗಸರ ಪಾಡು ಬೇರೆಯೇ ಆಗಿತ್ತು. ಕೋಳಿ ಕೂಗುವ ಮೊದಲು ಒಮ್ಮೆ, ದೀಪ ಹಚ್ಚಿದ ಮೇಲೆ ಒಮ್ಮೆ. ನಡುವಿನ ಹಗಲೆಲ್ಲ ತಡೆದುಕೊಂಡಿರಬೇಕು. ಅದಕ್ಕಾಗಿ ನೀರನ್ನೇ ಕುಡಿಯದೆ ಜಾತ್ರೆ ಮಾಡಿ ಬಂದ ಹೆಣ್ಣುಮಕ್ಕಳು ಎಷ್ಟೆಂದು ಯಾವ ಶಾಸನವೂ ಹೇಳುವುದಿಲ್ಲ.

ಆಮೇಲೆ ದಾರಿಗಳು ಬಂದವು. ಪುಣೆಯಿಂದ ಹರಿಹರಕ್ಕೆ ಹೋಗುವ ಹೆದ್ದಾರಿ ಹಾವೇರಿ, ರಾಣೆಬೆನ್ನೂರುಗಳನ್ನು ಮುಟ್ಟಿಕೊಂಡು ಸಾಗಿತು. 1884ರಲ್ಲಿ ಅಚ್ಚಾದ ಮುಂಬಯಿ ಇಲಾಖೆಯ ಧಾರವಾಡ ಗೆಜೆಟಿಯರಿನಲ್ಲಿ ದಾರಿಗಳ ಜೊತೆಗೆ ತಂಗುದಾಣಗಳ ವಿಚಾರವೂ ಬರುತ್ತದೆ. ಅಲ್ಲಿಯ ವಿಂಗಡಣೆಯೇ ಆ ಕಾಲದ ಸಮಾಜವನ್ನು ತೋರಿಸುತ್ತದೆ. ಸಾಹೇಬರಿಗೆ ಬಂಗಲೆ, ನಾಡವರಿಗೆ ಧರ್ಮಶಾಲೆ. ಬಂಗಲೆಗೆ ಕೋಣೆ, ಸ್ನಾನದ ಮನೆ, ಕಾವಲುಗಾರ. ಧರ್ಮಶಾಲೆಗೆ ಸಾಮಾನ್ಯವಾಗಿ ಒಂದು ಪಡಸಾಲೆ, ನಾಲ್ಕು ಕಂಬ, ಹತ್ತಿರದಲ್ಲೊಂದು ಬಾವಿ.

ಅದೇ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಇಳಿಯಿತು. ಹಾವೇರಿ, ಬ್ಯಾಡಗಿ, ದೇವರಗುಡ್ಡ, ರಾಣೆಬೆನ್ನೂರು ಒಂದೇ ದಾರದ ಮಣಿಗಳಾದವು. ಚಕ್ಕಡಿಯಲ್ಲಿ ಬಂದವನು ಮನೆಯನ್ನು ಜೊತೆಗೇ ತರುತ್ತಿದ್ದನು; ರೈಲಿನಲ್ಲಿ ಬಂದವನು ಒಂದು ಗಂಟು ಮಾತ್ರ ತಂದನು. ಅವನಿಗೆ ದುಡ್ಡು ಕೊಟ್ಟು ಉಣ್ಣುವ ತಾಣ ಬೇಕಾಯಿತು. ಪೇಟೆಗಳಲ್ಲಿ ಖಾನಾವಳಿಗಳು ಬೆಳೆದವು. ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾಚಟ್ನಿ, ಮೊಸರು. ನೆಲದ ಮೇಲೆ ಪಂಕ್ತಿ, ಆಮೇಲೆ ಮೇಜು–ಬೆಂಚು. ವಿಧವೆಯರು ಮನೆಯ ಪಡಸಾಲೆಯಲ್ಲೇ ನಾಲ್ಕು ಮಂದಿಗೆ ಬಡಿಸಿ ಸಂಸಾರ ತೂಗಿಸಿದ್ದೂ ಈ ಚರಿತ್ರೆಗೆ ಸೇರಿದ್ದು.

ಒಂದು ಕಹಿ ಮಾತನ್ನೂ ಇಲ್ಲಿ ಹೇಳಬೇಕು. ಈ ಊಟ, ಈ ನೆರಳು ಎಲ್ಲರಿಗೂ ಇರಲಿಲ್ಲ. ಫಲಕದ ಮೇಲೆ ಜಾತಿಯ ಹೆಸರಿತ್ತು. ಫಲಕವಿಲ್ಲದಲ್ಲಿಯೂ ಬಾಗಿಲಿಗೆ ಬಂದವನ ಕುಲ ಕೇಳುವ ನಾಲಗೆಯಿತ್ತು. ದಲಿತನಾದ ಪ್ರಯಾಣಿಕ ಬಾವಿಯ ದಡದಲ್ಲಿ ಬೇರೊಬ್ಬರು ನೀರು ಸುರಿಯಲೆಂದು ಕಾಯಬೇಕಾಗುತ್ತಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಅಂಗಡಿ, ಉಪಾಹಾರಗೃಹ, ಬಾವಿ, ಕೆರೆಗಳ ಬಾಗಿಲನ್ನು ಕಾನೂನಿನ ಮಟ್ಟಿಗೆ ಎಲ್ಲರಿಗೂ ತೆರೆಯಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಧರ್ಮಶಾಲೆ, ಮುಸಾಫಿರಖಾನೆಗಳಲ್ಲಿ ತಡೆಯುವುದನ್ನು ಶಿಕ್ಷಾರ್ಹವಾಗಿಸಿತು. ಊಟ, ವಸತಿಗಳ ಹಳೆಯ ಪುಣ್ಯ ಹಕ್ಕಾಗಿ ಮಾರ್ಪಟ್ಟದ್ದು ಆಗ.

ಇನ್ನು ಮೂರನೆಯ ಮಾತಿಗೆ ಬರೋಣ. ಪೇಟೆ ಬೆಳೆದಂತೆ ಬಯಲು ಹಿಂದೆ ಸರಿಯಿತು. ಮನೆಗಳಲ್ಲಿ ಪಾಯಖಾನೆಗಳಾದವು. ಆದರೆ ನೀರಿನ ಕೊಳವೆಯಾಗಲಿ ಒಳಚರಂಡಿಯಾಗಲಿ ಇರಲಿಲ್ಲ. ಡಬ್ಬಿ ತುಂಬಿದ್ದನ್ನು ಬೆಳಗಿನ ಜಾವ ಹಿತ್ತಿಲ ಬಾಗಿಲಿನಿಂದ ಒಬ್ಬ ಮನುಷ್ಯ ಬಂದು ತಲೆಯ ಮೇಲೆ ಹೊತ್ತು ಒಯ್ಯುತ್ತಿದ್ದನು. ಅನೇಕ ಕಡೆ ಒಬ್ಬ ಹೆಣ್ಣುಮಗಳು. ಊರಿಗೆ ಊರೇ ತನ್ನ ಶುಚಿಯನ್ನು ಕೆಲವು ಕುಟುಂಬಗಳ ತಲೆಯ ಮೇಲೆ ಇಟ್ಟು ನಿಶ್ಚಿಂತವಾಗಿತ್ತು. ಇಂಥ ಏರ್ಪಾಡಿರುವಾಗ ಸಾವಿರಾರು ಪರಸ್ಥಳದವರಿಗೆ ಪಾಯಖಾನೆ ಕಟ್ಟುವ ಯೋಚನೆ ಯಾರಿಗೆ ಬರಬೇಕು? ಕಟ್ಟಿದರೂ ಹೊರುವವರು ಯಾರು ಎಂಬ ಪ್ರಶ್ನೆ ಎದುರಿಗಿತ್ತು. ಅನ್ನದ ಪುಣ್ಯ ಕೊಟ್ಟವನಿಗೆ ಸಂದಿತು. ಮಲದ ಕೆಲಸದ ಅವಮಾನ ಮಾಡಿದವನಿಗೆ ಅಂಟಿತು. ಮೂರನೆಯ ಅಗತ್ಯ ಹಿಂದುಳಿದುದಕ್ಕೆ ಮುಖ್ಯ ಕಾರಣ ಇದೇ ಎಂದು ನನಗೆ ತೋರುತ್ತದೆ.

ಹೊರನಾಡಿನಲ್ಲಿ ಈ ವಿಚಾರ ಬೇರೆ ದಾರಿ ಹಿಡಿಯಿತು. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಮಹಾಪ್ರದರ್ಶನ ನಡೆದಾಗ ಜಾರ್ಜ್ ಜೆನ್ನಿಂಗ್ಸ್ ಎಂಬ ನಲ್ಲಿಕೊಳವೆಯ ಕಸುಬುದಾರನು ಪ್ರೇಕ್ಷಕರಿಗಾಗಿ ನೀರು ಹರಿಯುವ ಶೌಚಗೃಹಗಳನ್ನು ಹೂಡಿದನು. ಒಂದು ಪೆನ್ನಿ ಕೊಟ್ಟು ಅವನ್ನು ಬಳಸಿದವರು 8,27,280 ಮಂದಿ ಎಂದು ಲೆಕ್ಕವಿದೆ. ಆಟವಿರಲಿ ಪ್ರದರ್ಶನವಿರಲಿ, ಮಂದಿಯನ್ನು ಕರೆದವರು ಇದನ್ನೂ ಒದಗಿಸಬೇಕು ಎಂಬುದಕ್ಕೆ ಅದು ದೊಡ್ಡ ನಿದರ್ಶನವಾಯಿತು.

ನಮ್ಮಲ್ಲಿ ಈ ಪಾಠವನ್ನು ಬೇರೊಂದು ಬಗೆಯಲ್ಲಿ ಕಲಿಸಿದವರು ಗಾಂಧೀಜಿ. 1901ರ ಕಲ್ಕತ್ತಾ ಕಾಂಗ್ರೆಸ್ಸಿನಲ್ಲಿ ಪಾಯಖಾನೆಗಳ ಹೊಲಸನ್ನು ಕಂಡು ತಾವೇ ಪೊರಕೆ ಹಿಡಿದುದನ್ನು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. 1924ರ ಡಿಸೆಂಬರಿನಲ್ಲಿ ಕಾಂಗ್ರೆಸ್ ಅಧಿವೇಶನ ಬೆಳಗಾವಿಗೆ ಬಂದಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳುತನದಲ್ಲಿ ತಿಳಕವಾಡಿಯ ಬಯಲಿನಲ್ಲಿ ‘ವಿಜಯನಗರ’ ಎದ್ದಿತು. ನೀರಿಗಾಗಿ ತೋಡಿದ ಬಾವಿಗೆ ‘ಪಂಪಾ ಸರೋವರ’ ಎಂದು ಹೆಸರಿಟ್ಟರು. ಕಾಂಗ್ರೆಸ್ ಬಾವಿಯೆಂದು ಅದನ್ನು ಇಂದಿಗೂ ತೋರಿಸುತ್ತಾರೆ. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರ ಸೇವಾದಳ ಆಗಿನ್ನೂ ಒಂದು ವರ್ಷದ ಕೂಸು. ಅಧಿವೇಶನದ ಶುಚಿಯ ಕೆಲಸವನ್ನು ಕೂಲಿಯವರ ಮೇಲೆಯೇ ಬಿಡದೆ ಸ್ವಯಂಸೇವಕರು ಕೈಗೆತ್ತಿಕೊಂಡರು. ಅವರಲ್ಲಿ ಬ್ರಾಹ್ಮಣ ತರುಣರೂ ಇದ್ದರು. ಊಟ ಬಡಿಸಿದ ಮಾನವೇ ಪಾಯಖಾನೆ ತೊಳೆದವರಿಗೂ ಸಲ್ಲಬೇಕು ಎಂಬ ಮಾತನ್ನು ನಮ್ಮ ನಾಡು ಕಣ್ಣಾರೆ ಕಂಡದ್ದು ಅಲ್ಲಿ.

ಕಂಡದ್ದು ರೂಢಿಯಾಗಲು ಬಹಳ ದಿನ ಹಿಡಿಯಿತು. 1970ರ ದಶಕದ ಆರಂಭದಲ್ಲಿ, ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಲ್ಲಿಸಲು ದಿಟ್ಟ ಹೆಜ್ಜೆ ಇಟ್ಟರು. ಕೇಂದ್ರದ ಕಾಯಿದೆಗಳು 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಬಂದವು. 2014ರಿಂದ ಸ್ವಚ್ಛ ಭಾರತದ ಮಾತು ಮನೆಮನೆಗೆ ಮುಟ್ಟಿತು. ಮನೆಯ ಪ್ರಶ್ನೆ ಹೀಗೆ ಒಂದು ಹಂತಕ್ಕೆ ಬಂದರೂ, ಮಂದಿ ನೆರೆಯುವ ಬಯಲಿನ ಪ್ರಶ್ನೆ ಉಳಿದುಕೊಂಡಿತು.

ನೆರೆಯುವುದಂತೂ ಹೆಚ್ಚುತ್ತಲೇ ಇದೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ಸುಗ್ಗಿಯಲ್ಲಿ ನೋಡಬೇಕು. ಸೋಮವಾರ, ಗುರುವಾರಗಳ ಪೇಟೆಗೆ ಒಂದೇ ದಿನ ಲಕ್ಷಕ್ಕೂ ಮೀರಿ ಚೀಲಗಳು ಬಂದು ಬೀಳುವುದುಂಟು. ಬಳ್ಳಾರಿ, ರಾಯಚೂರುಗಳಿಂದ, ಗಡಿಯಾಚೆಯ ಆಂಧ್ರದಿಂದ ಲಾರಿಯ ಜೊತೆಗೆ ಬಂದ ರೈತರು ಹಿಂದಿನ ರಾತ್ರಿ ಚೀಲಗಳ ಪಕ್ಕದಲ್ಲಿಯೇ ತಲೆಯೂರುತ್ತಾರೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ ಪಡೆದ ಈ ಕಾಯಿಯ ತೊಟ್ಟು ಬಿಡಿಸುವ ಕೆಲಸದಲ್ಲಿ ಕುಳಿತವರು ಬಹುಮಟ್ಟಿಗೆ ಹೆಂಗಸರು. ಖಾರದ ಘಾಟಿನ ನಡುವೆ ಇಡೀ ದಿನ ದುಡಿಯುವವರಿಗೆ ಕೈ ತೊಳೆಯುವ ನೀರು, ಬಾಗಿಲುಳ್ಳ ಮರೆ ಎಷ್ಟು ದೊಡ್ಡ ಮಾತೆಂಬುದನ್ನು ವಿವರಿಸಬೇಕಾಗಿಲ್ಲ.

ದೀಪಾವಳಿ ಕಳೆದ ಮೇಲೆ ಹೋರಿ ಬೆದರಿಸುವ ಸ್ಪರ್ಧೆಗಳು ತೊಡಗುತ್ತವೆ. ಕೊಬ್ಬರಿ ಹಾರ ಹೊತ್ತು ಧಾವಿಸುವ ಹೋರಿಯನ್ನು ನೋಡಲು ಬೇಲಿ, ಮಾಳಿಗೆ, ಮರದ ಟೊಂಗೆಗಳೇ ಆಸನಗಳು. ಅದಕ್ಕೆ ಕಟ್ಟಿದ ಕ್ರೀಡಾಂಗಣವಿಲ್ಲ. ಊರೇ ಅಂದು ಅಖಾಡ. 2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ದೊಡ್ಡರಂಗೇಗೌಡರು ಅಧ್ಯಕ್ಷರು, ವೇದಿಕೆಗೆ ಕನಕ, ಶರೀಫ, ಸರ್ವಜ್ಞರ ಹೆಸರು. ಅದೇ ವರ್ಷದ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಗೆ ಬಂದು ಸರಕಾರಿ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣ ಉಚಿತವಾಯಿತು. ಟಿಕೆಟಿನ ಚಿಂತೆಯಿಂದ ಮನೆಯಲ್ಲಿಯೇ ಉಳಿಯುತ್ತಿದ್ದ ತಾಯಂದಿರು ಈಗ ಜಾತ್ರೆಗೂ ಪಂದ್ಯಕ್ಕೂ ಹೊರಡಬಲ್ಲರು. ಅವರು ಬಸ್ಸಿನಿಂದ ಇಳಿದ ಮೇಲೆ ಏನು ಎಂಬುದೇ ಉಳಿದ ಪ್ರಶ್ನೆ.

ಪರಸ್ಥಳದವರಿಗೆ ನಾಲ್ಕು ಅನುಕೂಲದ ಮಾತು. ಮೂರು ಊರುಗಳೂ ಹಳಿಯ ಮೇಲಿವೆ, ಹೆದ್ದಾರಿಗೂ ಹತ್ತಿರವಿವೆ. ಹಾವೇರಿಗೂ ರಾಣೆಬೆನ್ನೂರಿಗೂ ನಡುವೆ 30 ಕಿಲೋಮೀಟರಿಗಿಂತ ತುಸು ಹೆಚ್ಚು ದೂರ. ಬ್ಯಾಡಗಿ ಎರಡರ ನಡುವೆ. ದೊಡ್ಡ ಕೂಟದ ದಿನ ಒಂದೂರಿನಲ್ಲಿ ಕೋಣೆ ಸಿಗದಿದ್ದರೆ ಮುಂದಿನ ಊರಿನಲ್ಲಿ ಹುಡುಕುವುದು ಜಾಣತನ. ಊಟಕ್ಕೆ ಪೇಟೆಯ ಖಾನಾವಳಿ ಕೈಬಿಡದು. ಶೌಚಕ್ಕೆ ಬಸ್ ನಿಲ್ದಾಣ, ರೈಲು ನಿಲ್ದಾಣಗಳನ್ನು ಬಂದಿಳಿದ ಕೂಡಲೇ ಗುರುತಿಟ್ಟುಕೊಳ್ಳುವುದು ಒಳ್ಳೆಯದು. ಮಕ್ಕಳು, ಮುದುಕರು ಜೊತೆಗಿದ್ದರಂತೂ ಆಟ ನಡೆಯುವಾಗ ಹುಡುಕಲು ಹೊರಡಬಾರದು.

ಆತಿಥೇಯರಿಗೂ ಒಂದು ಮಾತುಂಟು. ಪಂದ್ಯ, ಜಾತ್ರೆ, ಸಮ್ಮೇಳನ ಯಾವುದನ್ನೇ ಹೂಡಲಿ, ಪ್ರಕಟಣೆಯಲ್ಲಿ ಊಟದ ಚಪ್ಪರದ ಜೊತೆಗೆ ಶೌಚದ ತಾಣವನ್ನೂ ಅಚ್ಚುಹಾಕಲಿ. ಹೆಂಗಸರಿಗೆ ಗಂಡಸರಷ್ಟೇ ಎಂದು ಲೆಕ್ಕ ಹಾಕದೆ ಹೆಚ್ಚು ಕೋಣೆಗಳಿರಲಿ. ಒಳಗಿನ ಚಿಲಕ, ದೀಪ, ನೀರು ಮೂರನ್ನೂ ಆಟಕ್ಕೆ ಮೊದಲು ಒಬ್ಬ ಹೆಣ್ಣುಮಗಳೇ ನೋಡಿ ಬರಲಿ. ಕೊನೆಯ ದಿನ ಬಾಣಸಿಗರಿಗೆ ಶಾಲು ಹೊದಿಸುವಾಗ ಪೌರಕಾರ್ಮಿಕರನ್ನೂ ಅದೇ ವೇದಿಕೆಗೆ ಕರೆಯಲಿ. ಅರವಟ್ಟಿಗೆ ಇಟ್ಟವನ ಹೆಸರನ್ನು ಕಲ್ಲಿನಲ್ಲಿ ಬರೆದ ನಾಡು ನಮ್ಮದು. ಕ್ರೀಡಾಂಗಣದ ಪಕ್ಕದಲ್ಲಿ ಒಂದು ಒಳ್ಳೆಯ ಶೌಚಗೃಹ ಕಟ್ಟಿಸಿ ಅದನ್ನು ನಡೆಸಿಕೊಂಡು ಹೋಗುವವರ ಹೆಸರಿಗೂ ಒಂದು ಕಲ್ಲನ್ನು ನಾವು ನಿಲ್ಲಿಸಬಹುದು.