ಸಿಂಹೋಪನಾಮಕ ಹೈನ್ರಿಖನ ವಿವಾಹಗಳೂ ಸಂತತಿಯೂ

ಸ್ಯಾಕ್ಸನಿ, ಬವೇರಿಯಾ ಎಂಬ ಎರಡು ಜರ್ಮನ್ ರಾಜ್ಯಗಳಿಗೆ ಏಕಕಾಲದಲ್ಲಿ ಡ್ಯೂಕನಾಗಿದ್ದು, ‘ಸಿಂಹ’ನೆಂದು ಪ್ರಸಿದ್ಧನಾದ ಹೈನ್ರಿಖನು ವೆಲ್ಫ್ ವಂಶದವನು. ಇವನ ತಾಯಿ ಗೆರ್ಟ್ರೂಡಳು ಚಕ್ರವರ್ತಿ ಲೋಥಾರನ ಏಕಮಾತ್ರ ಪುತ್ರಿ; ಸ್ಯಾಕ್ಸನಿಯು ಆ ಸಂಬಂಧದಿಂದಲೇ ವೆಲ್ಫರ ಕೈಸೇರಿತು. ಇಂತಹ ಮನೆಯಲ್ಲಿ ವಿವಾಹವು ರಾಜಕಾರ್ಯವೇ ಆಗಿದ್ದಿತು.

ಕ್ರಿ. ಶ. 1147ರ ಸುಮಾರಿನಲ್ಲಿ ಹೈನ್ರಿಖನು ತ್ಸೇರಿಂಗೆನ್ ಡ್ಯೂಕನಾದ ಕೊನ್ರಾಡನ ಮಗಳು ಕ್ಲೆಮೆನ್ಷಿಯಾಳನ್ನು ವರಿಸಿದನು. 1162ರಲ್ಲಿ ಕೊನ್‌ಸ್ಟಾಂಟ್ಸ್ ನಗರದಲ್ಲಿ, ವಧೂವರರು ರಕ್ತಸಂಬಂಧಿಗಳೆಂಬ ಕಾರಣದಿಂದ, ಆ ವಿವಾಹವು ರದ್ದಾಯಿತು. ಆಗಿನ ಕ್ರೈಸ್ತಧರ್ಮಶಾಸನವು ಏಳು ತಲೆಗಳೊಳಗಿನ ವಿವಾಹವನ್ನು ನಿಷೇಧಿಸುತ್ತಿದ್ದಿತು. 1215ರ ಲ್ಯಾಟರನ್ ಧರ್ಮಸಭೆಯು ಅದನ್ನು ನಾಲ್ಕಕ್ಕೆ ಇಳಿಸಿತು. ಪಿತೃಪಕ್ಷದಲ್ಲಿ ಏಳು, ಮಾತೃಪಕ್ಷದಲ್ಲಿ ಐದು ತಲೆಗಳವರೆಗೆ ಸಾಪಿಂಡ್ಯವನ್ನು ಹೇಳುವ ಯಾಜ್ಞವಲ್ಕ್ಯಸ್ಮೃತಿಯನ್ನು ಓದಿದವರಿಗೆ ಈ ನಿಯಮವು ಅಪರಿಚಿತವೆನಿಸದು. ಆದರೆ ಸಾಪಿಂಡ್ಯವು ಕನ್ಯಾವರಣಕ್ಕೆ ಮೊದಲೇ ವಿಚಾರಿಸತಕ್ಕುದು. ಇಲ್ಲಿಯಾದರೋ ಸುಮಾರು ಹದಿನೈದು ವರ್ಷಗಳ ದಾಂಪತ್ಯದ ಬಳಿಕ ಅದು ಸ್ಮರಣೆಗೆ ಬಂದಿತು! ಗಂಡುಸಂತತಿಯು ಉಳಿಯದಿದ್ದುದೂ, ಕ್ಲೆಮೆನ್ಷಿಯಾಳ ಸಹೋದರನಾದ ಬೆರ್ಟೋಲ್ಡನಿಗೂ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸನಿಗೂ ವೈರವಿದ್ದುದೂ ನಿಜವಾದ ಹೇತುಗಳೆಂದು ಊಹಿಸಬಹುದು. ಆದರೂ ಈಕೆಯ ಮಗಳಿಗೆ ಕುಲೀನತ್ವದ ಹಾನಿಯುಂಟಾಗಲಿಲ್ಲ. ಅವಳು ಮುಂದೆ ಡೆನ್ಮಾರ್ಕಿನ ಅರಸನಾದ 6ನೆಯ ಕ್ನೂಡನ ರಾಣಿಯಾದಳು.

1168ರಲ್ಲಿ ಮಿಂಡೆನ್ ನಗರದ ಮಹಾದೇವಾಲಯದಲ್ಲಿ ಇಂಗ್ಲೆಂಡಿನ ದೊರೆ 2ನೆಯ ಹೆನ್ರಿಯ ಪುತ್ರಿ ಮಟಿಲ್ಡೆಯೊಡನೆ ಎರಡನೆಯ ವಿವಾಹವು ನಡೆಯಿತು. ವಧುವಿಗೆ ಹನ್ನೊಂದು ವರ್ಷ. ವರನು ನಲವತ್ತರ ಸಮೀಪದಲ್ಲಿದ್ದನು. ದಂಪತಿಗಳು ಬರೆಯಿಸಿದ ಸುವಾರ್ತಾಗ್ರಂಥದ ಕಿರೀಟಧಾರಣಚಿತ್ರದಲ್ಲಿ ಪತಿಯ ಹಿಂದೆ ಅವನ ತಂದೆತಾಯಿಗಳೂ ಲೋಥಾರ ದಂಪತಿಗಳೂ, ಪತ್ನಿಯ ಹಿಂದೆ ಅವಳ ತಂದೆಯೂ ಪಿತಾಮಹಿಯೂ ನಿಂತಿರುವರು. ಕ್ಲೆಮೆನ್ಷಿಯಾಳ ಹೆಸರು ಅಲ್ಲಿಲ್ಲ.

1180ರಲ್ಲಿ ಚಕ್ರವರ್ತಿಯು ಹೈನ್ರಿಖನ ಎರಡು ರಾಜ್ಯಗಳನ್ನೂ ಕಿತ್ತುಕೊಂಡನು. ಬ್ರೌನ್‌ಶ್ವೈಗ್, ಲ್ಯೂನೆಬುರ್ಗ್ ಮೊದಲಾದ ಪಿತ್ರಾರ್ಜಿತ ಭೂಮಿಗಳು ಮಾತ್ರ ಉಳಿದುವು. ದೇಶಭ್ರಷ್ಟನಾದವನಿಗೆ ಮಾವನೇ ಆಶ್ರಯವಿತ್ತನು. ಈ ಸಂಬಂಧದ ಫಲವು ಭೂಲಾಭವಲ್ಲ, ಈ ಆಶ್ರಯವೇ. ಏಕೆಂದರೆ 1184ರಲ್ಲಿ ಇಂಗ್ಲೆಂಡಿನ ವಿಂಚೆಸ್ಟರಿನಲ್ಲಿ ಹುಟ್ಟಿದ ಕಿರಿಯ ಮಗ ವಿಲ್ಹೆಲ್ಮನೇ ವಂಶೋದ್ಧಾರಕನಾದನು. ಹಿರಿಯನಾದ ಹೈನ್ರಿಖನ ಏಕಮಾತ್ರ ಪುತ್ರನು 1214ರಲ್ಲಿ ತೀರಿಕೊಂಡನು. ಇತಿಹಾಸಕಾರರ ದೃಷ್ಟಿಯೆಲ್ಲವನ್ನೂ ಸೆಳೆದ ಓಟ್ಟೋ 1209ರಲ್ಲಿ ಚಕ್ರವರ್ತಿಯಾದರೂ 1218ರಲ್ಲಿ ನಿಸ್ಸಂತಾನನಾಗಿ ಮೃತನಾದನು. ವಿಲ್ಹೆಲ್ಮನು ಡೆನ್ಮಾರ್ಕಿನ ರಾಜಕುಮಾರಿ ಹೆಲೆನಾಳನ್ನು ಮದುವೆಯಾಗಿ, ಚಿಕ್ಕಮಗನನ್ನು ಬಿಟ್ಟು 1213ರಲ್ಲಿಯೇ ಗತಿಸಿದನು. ಆ ಬಾಲಕನಿಗೆ ‘ಶಿಶು ಓಟ್ಟೋ’ ಎಂಬ ಉಪನಾಮವು ಕಡೆಯವರೆಗೂ ಉಳಿಯಿತು. 1235ರಲ್ಲಿ ಮೈನ್ಟ್ಸ್ ಸಭೆಯಲ್ಲಿ, ಬಾರ್ಬರೋಸನ ಮೊಮ್ಮಗನಾದ ಚಕ್ರವರ್ತಿ 2ನೆಯ ಫ್ರೆಡರಿಕನೇ ಅವನನ್ನು ಬ್ರೌನ್‌ಶ್ವೈಗ್-ಲ್ಯೂನೆಬುರ್ಗಿನ ಡ್ಯೂಕನನ್ನಾಗಿ ಮಾಡಿದನು. 1714ರಲ್ಲಿ ಇಂಗ್ಲೆಂಡಿನ ಸಿಂಹಾಸನವನ್ನೇರಿದ 1ನೆಯ ಜಾರ್ಜನು ಇವನ ಸಂತತಿಯವನು.